ದಿನಕ್ಕೊಂದು ಗ್ಲಾಸ್ ಸುಡುತ್ತಿದ್ದ ಲೇಸರ್ ಮೆಷಿನ್: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಡೆ ಒಂದು ಶೀಟ್ ಕಟಿಂಗ್ ಶಾಪ್ ಇದೆ. ಹೆಸರು ಬೇಡ. ಅಕ್ಕಿ ಗಿರಣಿಯ ಬಿಡಿಭಾಗ, ಟ್ರ್ಯಾಕ್ಟರ್ ಟ್ರೇಲರ್‌ಗೆ ಬ್ರಾಕೆಟ್, ಮೆಕ್ಕೆಜೋಳ ಬಿಡಿಸುವ ಮೆಷಿನ್‌ನ ಪ್ಲೇಟು, ಮನೆ ಗೇಟಿಗೆ ಹೂಬಳ್ಳಿ ಡಿಸೈನ್. ಇವೇ ಅಲ್ಲಿನ ಜಾಬ್ ವರ್ಕ್. ಭದ್ರಾ ನಾಲೆಯಲ್ಲಿ ನೀರು ಬರುವ ತನಕ ಗಿರಣಿಗಳಿಗೆ ಕೆಲಸ, ಗಿರಣಿಗಳಿಗೆ ಕೆಲಸ ಇರುವ ತನಕ ಇವರಿಗೂ ಕೆಲಸ.

ಮೆಷಿನ್ 3 ಕಿಲೋವ್ಯಾಟ್‌ನ ಫೈಬರ್ ಲೇಸರ್. ತಂದಾಗಿನಿಂದ ದೊಡ್ಡ ತಕರಾರಿಲ್ಲದೆ ಓಡಿತ್ತು. ಒಂದು ಮಳೆಗಾಲ ಶುರುವಾದ ಮೇಲೆ ಕಟಿಂಗ್ ಹೆಡ್‌ನೊಳಗಿನ ಪ್ರೊಟೆಕ್ಷನ್ ಗ್ಲಾಸ್ ದಿನಕ್ಕೊಂದರಂತೆ ಸುಡತೊಡಗಿತು. ಮುಂಚೆ ಒಂದು ಗ್ಲಾಸ್ ಎರಡು ಮೂರು ವಾರ ಬರುತ್ತಿತ್ತು. ಮಾಲೀಕರು ಮೊದಲು ಗ್ಲಾಸ್ ಮಾರಿದವರನ್ನು ಬೈದರು. ಆಮೇಲೆ ಬೇರೆ ಕಡೆ ತರಿಸಿದರು. ಅದೂ ಸುಟ್ಟಿತು. ಮೂರನೆಯ ಕಡೆಯಿಂದ ಜಾಸ್ತಿ ದುಡ್ಡು ಕೊಟ್ಟು ತರಿಸಿದ್ದೂ ಹಾಗೇ ಆಯಿತು. ಒಂದು ಸಲವಂತೂ ಗ್ಲಾಸ್ ಜೊತೆಗೆ ಮೇಲಿನ ಫೋಕಸ್ ಲೆನ್ಸ್ ಕೂಡ ಹೋಯಿತು. ಅಲ್ಲಿಗೆ ವಿಷಯ ಸಾವಿರದ ಲೆಕ್ಕದಿಂದ ಹತ್ತು ಸಾವಿರದ ಲೆಕ್ಕಕ್ಕೆ ಏರಿತು.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಲೆನ್ಸ್‌ಗಳಿಗೆ ಕೋಟಿಂಗ್ ಹಾಕುವ ಕೆಲಸದಲ್ಲಿದ್ದವನು. ಊರಿಗೆ ಬಂದ ಮೇಲೆ ಇಂಥ ಮೆಷಿನ್‌ಗಳ ಸರ್ವಿಸ್ ನೋಡಿಕೊಳ್ಳುತ್ತೇನೆ. ಮಾಲೀಕರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ. "ಈ ಡಬ್ಬಿ ಮೇಲೆ 15 ಅಂತ ಬರೆದಾರೆ ನೋಡ್ರಿ. ಇದಕ್ಕಿಂತ ಜಾಸ್ತಿ ನಂಬರ್ ಇರೋ ಗ್ಲಾಸ್ ಎಲ್ಲಿ ಸಿಗುತ್ತೆ, ಅಷ್ಟು ಹೇಳ್ರಿ ಸಾಕು."

ಮೊದಲು ಈ ಗ್ಲಾಸ್ ಎಲ್ಲಿ ಕೂರುತ್ತದೆ ಅಂತ ಹೇಳಿಬಿಡುತ್ತೇನೆ. ಫೈಬರ್‌ನಿಂದ ಬಂದ ಬೆಳಕು ಕಟಿಂಗ್ ಹೆಡ್‌ನಲ್ಲಿ ಮೊದಲು ಅದನ್ನು ಸಮಾನಾಂತರ ಮಾಡುವ ಕಾಲಿಮೇಟಿಂಗ್ ಲೆನ್ಸ್, ಆಮೇಲೆ ಫೋಕಸ್ ಲೆನ್ಸ್ ದಾಟುತ್ತದೆ. ಕೊನೆಗೆ ಪ್ರೊಟೆಕ್ಷನ್ ಗ್ಲಾಸ್, ಅದರ ಕೆಳಗೆ ನಾಝಲ್, ಅಂದರೆ ಬೆಳಕೂ ಗ್ಯಾಸೂ ಹೊರಬರುವ ಮೂತಿ. ಕರಗಿದ ಲೋಹವನ್ನು ಊದಿ ತೆಗೆಯುವ ಗ್ಯಾಸ್, ಗಾಳಿಯೋ ಆಕ್ಸಿಜನ್ನೋ ನೈಟ್ರೋಜನ್ನೋ, ಹೆಡ್‌ಗೆ ಸೇರುವುದು ಈ ಗ್ಲಾಸ್‌ನ ಕೆಳಗೆ. ಈ ಒಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಶೀಟಿನಿಂದ ಸಿಡಿಯುವ ಕಿಡಿ ದುಬಾರಿ ಲೆನ್ಸಿಗೆ ತಾಗದಿರಲಿ ಅಂತ ಇದನ್ನು ಇಡುವುದು. ಇವರ ಹೆಡ್‌ನಲ್ಲಿದ್ದದ್ದು 37 ಮಿ.ಮೀ. ಅಗಲ, 7 ಮಿ.ಮೀ. ದಪ್ಪದ ಬಿಲ್ಲೆ. ಒಳ್ಳೆಯದಾದರೆ ಫ್ಯೂಸ್ಡ್ ಸಿಲಿಕಾದ್ದು, ಅಂದರೆ ಶುದ್ಧ ಸಿಲಿಕಾದ ಗಾಜು.

ಬರಿಯ ಸಿಲಿಕಾ ಬಿಲ್ಲೆ ಇಟ್ಟರೆ ಒಂದೊಂದು ಮುಖದಲ್ಲೂ ಬೆಳಕಿನ ಸುಮಾರು ಶೇಕಡಾ 3.4 ಭಾಗ ವಾಪಸ್ ಹೊಡೆಯುತ್ತದೆ. 3 ಕಿಲೋವ್ಯಾಟ್‌ನಲ್ಲಿ ಅದು ಮುಖಕ್ಕೆ ನೂರು ವ್ಯಾಟ್. ಅದನ್ನು ತಪ್ಪಿಸಲು ಎರಡೂ ಮುಖಕ್ಕೆ ತೆಳುಪದರದ ಕೋಟಿಂಗ್ ಹಾಕುತ್ತಾರೆ. ಸಿಲಿಕಾ ಒಂದು ಪದರ, ಟ್ಯಾಂಟಲಂ ಆಕ್ಸೈಡ್ ಅಥವಾ ಹ್ಯಾಫ್ನಿಯಂ ಆಕ್ಸೈಡ್ ಇನ್ನೊಂದು ಪದರ, ಹೀಗೆ. ಈ ಲೇಸರ್‌ನ ತರಂಗದ ಉದ್ದ 1080 ನ್ಯಾನೋಮೀಟರ್ ಆಸುಪಾಸು, ಕಣ್ಣಿಗೆ ಕಾಣುವುದಿಲ್ಲ. ಸಿಲಿಕಾದೊಳಗೆ ಈ ಉದ್ದ ಕುಗ್ಗುತ್ತದೆ, ಹಾಗೆ ಕುಗ್ಗಿದ್ದರ ಕಾಲುಭಾಗದ ಲೆಕ್ಕ ಹಿಡಿದರೆ ಸಿಲಿಕಾ ಪದರ 186 ನ್ಯಾನೋಮೀಟರ್ ದಪ್ಪ ಬರುತ್ತದೆ. ಎಲ್ಲ ಪದರ ಸೇರಿಸಿದರೂ ಮೈಕ್ರಾನ್ ಆಸುಪಾಸು, ಅಷ್ಟೇ. ಮೂರು ಸಾವಿರ ವ್ಯಾಟ್ ದಿನವಿಡೀ ಇದರ ಮೂಲಕವೇ ಹಾದು ಹೋಗಬೇಕು.

ಡಬ್ಬಿ ಮೇಲಿನ 15

ಕೋಟಿಂಗ್ ಎಷ್ಟು ಲೇಸರ್ ಹೊಡೆತ ತಾಳುತ್ತದೆ ಅನ್ನುವ ಮಿತಿ ಅಂತ ಡಬ್ಬಿಯ ಲೇಬಲ್ ಮೇಲೆ ಇದ್ದದ್ದು ಹೀಗೆ: ಚದರ ಸೆಂಟಿಮೀಟರ್‌ಗೆ 15 ಜೂಲ್, 1064 ನ್ಯಾನೋಮೀಟರ್, 10 ನ್ಯಾನೋಸೆಕೆಂಡ್, 10 ಹರ್ಟ್ಸ್. ಮಾಲೀಕರು 15 ಮಾತ್ರ ಓದಿದ್ದರು. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗ ಪೂರ್ತಿ ಓದಿದ್ದ, ಪಾಪ, ಲೆಕ್ಕವನ್ನೂ ಹಾಕಿ ಇಟ್ಟಿದ್ದ.

ಅವನ ಲೆಕ್ಕ ಹೀಗಿತ್ತು. 10 ನ್ಯಾನೋಸೆಕೆಂಡ್‌ನಲ್ಲಿ 15 ಜೂಲ್ ಅಂದರೆ ಚದರ ಸೆಂಟಿಮೀಟರ್‌ಗೆ 150 ಕೋಟಿ ವ್ಯಾಟ್. ನಮ್ಮ ಮೆಷಿನ್‌ನಲ್ಲಿ ಗ್ಲಾಸ್ ಮೇಲೆ ಬೆಳಕಿನ ಅಗಲ ಸುಮಾರು 13 ಮಿ.ಮೀ. ಇರುತ್ತದೆ. 3000 ವ್ಯಾಟನ್ನು ಆ ಜಾಗಕ್ಕೆ ಹಂಚಿದರೆ ಚದರ ಸೆಂಟಿಮೀಟರ್‌ಗೆ ಹತ್ತಿರ ಹತ್ತಿರ 2300 ವ್ಯಾಟ್. "ಆರು ಲಕ್ಷ ಪಟ್ಟು ಸೇಫ್ ಇದೆ ಅಂಕಲ್, ಮತ್ಯಾಕೆ ಸುಡುತ್ತೆ?" ಅಂದ.

ನಾನು ಅದೇ ಲೇಬಲ್‌ನಿಂದ ಇನ್ನೊಂದು ಲೆಕ್ಕ ಹಾಕಿ ತೋರಿಸಿದೆ. ಪರೀಕ್ಷೆಯಲ್ಲಿ ಸೆಕೆಂಡಿಗೆ ಹತ್ತು ಹೊಡೆತ. ಒಂದೊಂದಕ್ಕೆ 15 ಜೂಲ್. ಅಂದರೆ ಸರಾಸರಿ 150 ವ್ಯಾಟ್ ಮಾತ್ರ. ನಮ್ಮದು 2300. ಈ ಲೆಕ್ಕದಲ್ಲಿ ನಾವು ಮಿತಿಯನ್ನು ಹದಿನೈದು ಪಟ್ಟು ದಾಟಿಬಿಟ್ಟಿದ್ದೇವೆ, ಗ್ಲಾಸ್ ಮೊದಲ ನಿಮಿಷದಲ್ಲೇ ಹೋಗಬೇಕಿತ್ತು! ಒಂದೇ ನಂಬರು, ಒಂದು ಕಡೆ ಆರು ಲಕ್ಷ ಪಟ್ಟು ಭದ್ರ, ಇನ್ನೊಂದು ಕಡೆ ಹದಿನೈದು ಪಟ್ಟು ಅಪಾಯ. ಎರಡೂ ತಪ್ಪು. ಕಾರಣ ಆ ನಂಬರ್ ನಮ್ಮ ಮೆಷಿನ್ ಬಗ್ಗೆ ಹೇಳುವುದೇ ಇಲ್ಲ.

ಲೇಸರ್ ಹೊಡೆತಕ್ಕೆ ಕೋಟಿಂಗ್ ಸಾಯುವ ರೀತಿ ಹೊಡೆತ ಎಷ್ಟು ಹೊತ್ತಿನದು ಅನ್ನುವುದರ ಮೇಲೆ ನಿಂತಿದೆ. ಪಿಕೋಸೆಕೆಂಡ್, ಅದಕ್ಕಿಂತ ಚಿಕ್ಕ ಹೊಡೆತಗಳಲ್ಲಿ ಬೆಳಕಿನ ತೀವ್ರತೆಯೇ ಪದರದ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುತ್ತದೆ. ಅಲ್ಲಿ ಪದಾರ್ಥದ ಗುಣವೇ ಮಿತಿ. ನ್ಯಾನೋಸೆಕೆಂಡ್ ಹೊಡೆತಗಳಲ್ಲಿ ಪದರದೊಳಗೆ ಹುದುಗಿರುವ ದೋಷಗಳು ಮೊದಲು ಸಿಡಿಯುತ್ತವೆ. ಕೋಟಿಂಗ್ ಹಾಕುವಾಗ ಕರಗಿದ ಪದಾರ್ಥದಿಂದ ಒಂದು ಕಣ ಸಿಡಿದು ಗ್ಲಾಸ್ ಮೇಲೆ ಕೂತರೆ ಅದರ ಮೇಲೆ ಬೆಳೆಯುವ ಎಲ್ಲ ಪದರಗಳೂ ಗಂಟಿನಂತೆ ಉಬ್ಬುತ್ತವೆ. ನಾವು ಅದನ್ನು ನಾಡ್ಯೂಲ್ ಅನ್ನುತ್ತಿದ್ದೆವು. ಬೆಳಕು ಆ ಗಂಟಿನಲ್ಲಿ ಒಟ್ಟುಗೂಡಿ ಅದನ್ನು ಕಿತ್ತು ಗುಳಿ ಮಾಡುತ್ತದೆ. ನಾನು ಕೋಟಿಂಗ್ ಚೇಂಬರ್ ಹತ್ತಿರ ಕಳೆದ ಅರ್ಧ ಆಯುಷ್ಯ ಈ ಗಂಟುಗಳನ್ನು ಕಡಿಮೆ ಮಾಡುವುದರಲ್ಲೇ ಹೋಯಿತು ಅನ್ನಬಹುದು.

ನಿರಂತರ ಉರಿಯುವ ಲೇಸರ್‌ನಲ್ಲಿ ಕಥೆ ಬೇರೆ. ಅಲ್ಲಿ ಶತ್ರು ಬಿಸಿ. ಬೆಳಕಿನ ಎಷ್ಟು ಭಾಗ ಹೀರಿಕೊಳ್ಳುತ್ತದೆ, ಆ ಬಿಸಿ ಎಷ್ಟು ಬೇಗ ಅಂಚಿಗೆ ಹರಿದು ಹೋಗುತ್ತದೆ. ಇವೆರಡೇ ಮುಖ್ಯ.

ಮಾಲೀಕರ ಮಗ ಬಿಡಲಿಲ್ಲ. ಹೊಡೆತದ ಅವಧಿ ನಾಲ್ಕು ಪಟ್ಟಾದರೆ ಮಿತಿ ಎರಡು ಪಟ್ಟಾಗುತ್ತದೆ, ವರ್ಗಮೂಲದ ನಿಯಮ ಇದೆಯಲ್ಲ, ಅದನ್ನೇ ಒಂದು ಸೆಕೆಂಡಿನ ತನಕ ಎಳೆದರೆ ಆಗಲ್ವಾ ಅಂದ. ಒಳ್ಳೆಯ ಪ್ರಶ್ನೆ. ಆ ನಿಯಮ ಹತ್ತಾರು ಪಿಕೋಸೆಕೆಂಡ್‌ನಿಂದ ಹತ್ತಾರು ನ್ಯಾನೋಸೆಕೆಂಡ್ ತನಕ ಪರವಾಗಿಲ್ಲ ಅನ್ನುವಷ್ಟು ನಡೆಯುತ್ತದೆ. 10 ನ್ಯಾನೋಸೆಕೆಂಡ್‌ನಿಂದ ಒಂದು ಸೆಕೆಂಡಿಗೆ ಅಂದರೆ ಹತ್ತು ಕೋಟಿ ಪಟ್ಟು ದೂರ. ಅಷ್ಟು ದೂರ ಎಳೆದರೆ ಚದರ ಸೆಂಟಿಮೀಟರ್‌ಗೆ ಒಂದೂವರೆ ಲಕ್ಷ ವ್ಯಾಟ್ ಅನ್ನುವ ಮೂರನೆಯ ಉತ್ತರ ಬರುತ್ತದೆ. ಅದನ್ನು ನಂಬಿ ಗ್ಲಾಸ್ ಕೊಂಡರೆ ಮಾರಿದವನಿಗೆ ಲಾಭ.

ಆ ನಂಬರ್ ಸುಳ್ಳು ಅಂತಲ್ಲ. ಅದಕ್ಕೊಂದು ಅಂತಾರಾಷ್ಟ್ರೀಯ ಮಾನಕವೇ ಇದೆ, ಐಎಸ್‌ಒ 21254. ಗ್ಲಾಸ್‌ನ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಶಕ್ತಿಯ ಹೊಡೆತ ಕೊಡುತ್ತಾರೆ. ಜಾಗಕ್ಕೆ ಒಂದೇ ಹೊಡೆತ ಕೊಡುವುದು ಒಂದು ಕ್ರಮ, ಅದೇ ಜಾಗಕ್ಕೆ ನೂರಾರು ಹೊಡೆತ ಕೊಡುವುದು ಇನ್ನೊಂದು. ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಯಾವ ಶಕ್ತಿಗೆ ಎಷ್ಟು ಜಾಗ ಹಾಳಾಯಿತು ಅಂತ ಎಣಿಸುತ್ತಾರೆ. ಅಮೆರಿಕದ ಬೌಲ್ಡರ್‌ನಲ್ಲಿ 1969ರಲ್ಲಿ ಶುರುವಾದ ವಿಚಾರಗೋಷ್ಠಿ ಈ ಒಂದೇ ವಿಷಯಕ್ಕೆ ಅಂತಲೇ ಹುಟ್ಟಿದ್ದು. ಲೇಸರ್ ಬಂದದ್ದೇ 1960ರಲ್ಲಿ. ಒಂಬತ್ತು ವರ್ಷದಲ್ಲೇ ತನ್ನ ಕನ್ನಡಿಯನ್ನು ತಾನೇ ಸುಡುವ ಸಮಸ್ಯೆ ಅಷ್ಟು ದೊಡ್ಡದಾಗಿತ್ತು. ಇಂದಿಗೂ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ 192 ಕಿರಣಗಳ ದೈತ್ಯ ಲೇಸರ್‌ನಲ್ಲಿ ಎಷ್ಟು ಶಕ್ತಿ ಬಿಡಬಹುದು ಅನ್ನುವುದನ್ನು ಕಟ್ಟಿಹಾಕುವುದರಲ್ಲಿ ಗಾಜಿನ ಸಹನಶಕ್ತಿಯದ್ದೇ ದೊಡ್ಡ ಪಾಲು. ಆದರೆ ಆ ಪರೀಕ್ಷೆ ನಡೆಯುವುದು ತೊಳೆದು ಒರೆಸಿದ, ಶುಭ್ರವಾದ ಗ್ಲಾಸ್ ಮೇಲೆ. ಕರೂರಿನ ಶೆಡ್ಡಿನಲ್ಲಿ ಅಂಥ ಗ್ಲಾಸ್ ಇರುವುದು ಡಬ್ಬಿ ತೆಗೆಯುವ ತನಕ ಮಾತ್ರ.

ಸತ್ತ ಗ್ಲಾಸ್‌ಗಳು

ಹೊಸ ಗ್ಲಾಸ್ ಮಾತು ಆಮೇಲೆ, ಮೊದಲು ಹಳೆಯವು ತೋರಿಸಿ ಅಂದೆ. ಆಪರೇಟರ್ ಹುಡುಗ ಒಂದು ಬಿಸ್ಕೆಟ್ ಡಬ್ಬಿ ತಂದಿಟ್ಟ. ಪುಣ್ಯಕ್ಕೆ ಅವನು ಯಾವುದನ್ನೂ ಎಸೆದಿರಲಿಲ್ಲ. ಅಷ್ಟೇ ಅಲ್ಲ, ಒಂದೊಂದರ ಅಂಚಿಗೂ ಮಾರ್ಕರ್‌ನಿಂದ ಮೇಲ್ಮುಖ ಯಾವುದು ಅಂತ ಗುರುತು ಹಾಕಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ. "ಒರೆಸಿ ವಾಪಸ್ ಹಾಕುವಾಗ ತಿರುಗಾಮುರುಗಾ ಆಗಬಾರದು ಅಂತ ಹಾಕಿದ್ದೆ ಸಾರ್" ಅಂದ. ಈ ಪ್ರಕರಣದಲ್ಲಿ ನನಗೆ ಸಿಕ್ಕ ಅತಿ ಉಪಯುಕ್ತ ಸಾಕ್ಷಿ ಅದೇ.

ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ, ಒಂದು ಟಾರ್ಚು. ಟಾರ್ಚನ್ನು ನೇರ ಹಿಡಿಯಬಾರದು, ಓರೆಯಾಗಿ ಹಿಡಿಯಬೇಕು. ಆಗ ಕಲೆಗಳು ಎದ್ದು ಕಾಣುತ್ತವೆ. ನೋಡುತ್ತಾ ಹೋದಂತೆ ಡಬ್ಬಿಯ ಗ್ಲಾಸ್‌ಗಳು ತಾವೇ ಗುಂಪುಗುಂಪಾದವು.

ಕೆಲವದರ ಕೆಳಮುಖದಲ್ಲಿ ಉಬ್ಬಿದ ಲೋಹದ ಹನಿ ಅಂಟಿತ್ತು. ಬೆರಳ ಉಗುರಿಗೆ ತಡೆಯುತ್ತದೆ. ಇದು ಪಿಯರ್ಸಿಂಗ್ ಮಾಡುವಾಗ ಸಿಡಿದ ಕಿಡಿ. ದಪ್ಪ ಶೀಟ್ ತೂತು ಹೊಡೆಯುವಾಗ ನಾಝಲ್ ತೀರ ಹತ್ತಿರ ಇದ್ದರೆ ಹೀಗಾಗುತ್ತದೆ. ಎಲ್ಲ ಶಾಪ್‌ನಲ್ಲೂ ಇರುವಂಥದ್ದೇ, ಹಳೆಯ ಲೆಕ್ಕದ ಎರಡು ಮೂರು ವಾರದ ಸಾವು ಇಂಥದ್ದೇ.

ಬಹುಪಾಲು ಗ್ಲಾಸ್‌ಗಳ ಕಥೆ ಬೇರೆ. ಕೆಳಮುಖದಲ್ಲಿ ಮಂಜು ಕಟ್ಟಿದಂಥ ಮಸುಕು. ಪೂರ್ತಿ ವೃತ್ತವಲ್ಲ, ಒಂದು ಪಕ್ಕಕ್ಕೆ ದಟ್ಟವಾಗಿ ಬಿದಿಗೆ ಚಂದ್ರನ ಆಕಾರ. ಅದರ ಒಳ ಅಂಚಿನಲ್ಲಿ, ಬೆಳಕು ಹಾಯುವ ಜಾಗದಲ್ಲಿ, ಒಂದು ಕಂದು ಚುಕ್ಕಿ. ಚುಕ್ಕಿಯ ಸುತ್ತ ಬಣ್ಣಬಣ್ಣದ ಉಂಗುರಗಳು. ಒಳ್ಳೆಯ ಕೋಟಿಂಗ್ ಓರೆ ಬೆಳಕಿನಲ್ಲಿ ತೆಳು ನೇರಳೆಯೋ ಹಸಿರೋ ಕಾಣುತ್ತದೆ, ಮುಖದ ತುಂಬ ಒಂದೇ ಬಣ್ಣ. ಇಲ್ಲಿ ಉಂಗುರ ಕಾಣುತ್ತಿದೆ ಅಂದರೆ ಪದರ ಗ್ಲಾಸ್ ಬಿಟ್ಟು ಎದ್ದಿದೆ, ಇಲ್ಲವೇ ಅದರ ದಪ್ಪ ಜಾಗದಿಂದ ಜಾಗಕ್ಕೆ ಬದಲಾಗಿದೆ. ಅಂಚಿನ ಮಸುಕನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿದ ಲೆನ್ಸ್ ಟಿಶ್ಯೂನಿಂದ ಒಂದೇ ಸಲ ಎಳೆದರೆ ಅದು ಜಿಡ್ಡಾಗಿ ಟಿಶ್ಯೂಗೆ ಬಂತು. ನಡುವಿನ ಕಂದು ಮಾತ್ರ ಬರಲಿಲ್ಲ, ಅದು ಬೆಂದು ಹಿಡಿದಿತ್ತು.

ಆ ಬಿದಿಗೆ ಚಂದ್ರ ಯಾವ ಪಕ್ಕಕ್ಕೆ ಅಂತ ಹೆಡ್‌ಗೆ ಹೋಲಿಸಿ ನೋಡಿದೆವು. ಗ್ಯಾಸ್ ಪೈಪ್ ಸೇರುವ ಪಕ್ಕಕ್ಕೆ ಅಂತ ಕಂಡಿತು. ಗ್ಲಾಸನ್ನು ಸ್ವಲ್ಪ ತಿರುಗಿಸಿ ಕೂರಿಸಿರುವ ಸಾಧ್ಯತೆ ಇದೆ, ಅದಕ್ಕೇ ಇದೊಂದನ್ನೇ ನಾನು ಪುರಾವೆ ಅನ್ನುವುದಿಲ್ಲ. ಆದರೆ ಕೆಳಮುಖ ಅನ್ನುವುದಂತೂ ಹುಡುಗನ ಗುರುತಿನಿಂದ ಖಚಿತ. ಗ್ಯಾಸ್ ತಾಗುವುದು ಕೆಳಮುಖಕ್ಕೆ ಮಾತ್ರ.

ಇನ್ನೊಂದು ಸಾಕ್ಷಿ ಕಂಟ್ರೋಲರ್ ಪಕ್ಕದಲ್ಲಿ ಟೇಪ್ ಹಚ್ಚಿ ಅಂಟಿಸಿದ ಚೀಟಿ. ಹುಡುಗ ಅದರಲ್ಲಿ ಫೋಕಸ್ ಸೆಟ್ಟಿಂಗ್ ಬರೆದಿಡುತ್ತಿದ್ದ. ಒಂದೇ ಶೀಟು, ಒಂದೇ ದಪ್ಪ. ಬೆಳಗ್ಗೆ ಹೊಸ ಗ್ಲಾಸ್ ಹಾಕಿದಾಗ ಮೈನಸ್ 1, ಅಂದರೆ ಶೀಟಿನ ಮೇಲ್ಮೈಗಿಂತ 1 ಮಿ.ಮೀ. ಕೆಳಗೆ. ಊಟದ ಹೊತ್ತಿಗೆ ಮೈನಸ್ 1.5. ಸಂಜೆ ಮೈನಸ್ 2ರ ಕೆಳಗೆ. ಆಮೇಲೆ ಗ್ಲಾಸ್ ಹೋಗುತ್ತಿತ್ತು, ಮತ್ತೆ ಮೈನಸ್ 1ರಿಂದ ಶುರು. ಶೀಟಿನ ಕೆಳಗೆ ಬರ್ (ಕಟ್ ಆದ ಅಂಚಿಗೆ ಅಂಟಿ ಉಳಿಯುವ ಲೋಹದ ಮುಳ್ಳು) ಜಾಸ್ತಿ ಆದಾಗಲೆಲ್ಲ ಅವನು ಫೋಕಸ್ ಇಳಿಸುತ್ತಾ ಹೋಗಿದ್ದ. ಏನಾಗುತ್ತಿತ್ತು ಅಂದರೆ, ಗ್ಲಾಸ್‌ನ ನಡುಭಾಗ ಬಿಸಿಯಾದಂತೆ ಅದೇ ಒಂದು ಸಣ್ಣ ಲೆನ್ಸ್ ಆಗಿ ಕೆಲಸ ಮಾಡಿ ಫೋಕಸನ್ನು ಮೇಲಕ್ಕೆ ಎಳೆಯುತ್ತಿತ್ತು. ಹುಡುಗ ತನಗೆ ಗೊತ್ತಿಲ್ಲದೆ ಗ್ಲಾಸ್‌ನ ಜ್ವರವನ್ನೇ ಬರೆದಿಟ್ಟಿದ್ದ.

ಈ ಚೀಟಿಯಿಂದ ಒಂದು ಅನುಮಾನ ಅಲ್ಲೇ ಬಗೆಹರಿಯಿತು. ಒಂದು ಹೊಡೆತಕ್ಕೆ ಸಿಡಿಯುವ ದುರ್ಬಲ ಕೋಟಿಂಗ್ ಹೀಗೆ ದಿನವಿಡೀ ಮುನ್ಸೂಚನೆ ಕೊಡುವುದಿಲ್ಲ. ಇದು ನಿಧಾನವಾಗಿ ಏನೋ ಒಂದು ಕೂಡುತ್ತಾ ಹೋಗಿ, ಬಿಸಿ ಏರುತ್ತಾ ಹೋಗಿ, ಕೊನೆಗೆ ಸುಟ್ಟದ್ದು.

ಒಂದು ಚುಕ್ಕಿ ಎಷ್ಟು ಬಿಸಿಯಾಗಬಹುದು

"ಇಷ್ಟು ಸಣ್ಣ ಜಿಡ್ಡಿಗೆ ಗ್ಲಾಸ್ ಸುಡುತ್ತಾ?" ಅಂತ ಮಾಲೀಕರಿಗೆ ನಂಬಿಕೆ ಬರಲಿಲ್ಲ. ಲೆಕ್ಕ ಸುಲಭ, ಹಾಕಿ ತೋರಿಸಬಹುದು.

ಒಳ್ಳೆಯ ಕೋಟಿಂಗ್ ಬೆಳಕನ್ನು ಹೀರುವುದು ಹತ್ತು ಲಕ್ಷದಲ್ಲಿ ಕೆಲವು ಭಾಗ, ಸಾಧಾರಣದ್ದು ಕೆಲವು ಹತ್ತು ಭಾಗ. ಇಪ್ಪತ್ತು ಅಂತ ಇಟ್ಟುಕೊಂಡರೂ 3000 ವ್ಯಾಟ್‌ನಲ್ಲಿ 0.06 ವ್ಯಾಟ್. ಏನೂ ಅಲ್ಲ. ಅದೇ ಮುಖದ ಮೇಲೆ ಬೆಳಕಿನ ಶೇಕಡಾ ಒಂದು ಭಾಗವನ್ನು ಹೀರುವ ಜಿಡ್ಡು ಕೂತರೆ 30 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಅಷ್ಟು ಶಕ್ತಿ. ಅದೂ ಮುಚ್ಚಿದ ಹೆಡ್‌ನೊಳಗೆ, ಬಿಸಿ ಹರಿಸಲು ಸೋಮಾರಿಯಾದ ಸಿಲಿಕಾದ ಮೇಲೆ.

ಕಪ್ಪು ಕಣದ ಲೆಕ್ಕ ಇನ್ನೂ ಮಜಾ. 0.1 ಮಿ.ಮೀ. ಅಗಲದ, ಅಂದರೆ ಒಂದು ಕೂದಲಿನಷ್ಟು ಅಗಲದ ಕಪ್ಪು ಚುಕ್ಕಿ ತಾನು ಕೂತ ಜಾಗದ ಬೆಳಕನ್ನೆಲ್ಲ ಹೀರಿದರೆ ಸಿಗುವುದು ಬರೀ 0.18 ವ್ಯಾಟ್. ಆದರೆ ಆ ಬಿಸಿ ಅಷ್ಟೇ ಕಿರಿದಾದ ಜಾಗದಿಂದ ಸಿಲಿಕಾಕ್ಕೆ ಇಳಿಯಬೇಕು. ಸಿಲಿಕಾದ ಉಷ್ಣವಾಹಕತೆ ಮೀಟರ್‌ಗೆ ಡಿಗ್ರಿಗೆ 1.4 ವ್ಯಾಟ್ ಮಾತ್ರ. ಲೆಕ್ಕ ಹಾಕಿದರೆ ಚುಕ್ಕಿಯ ಕೆಳಗಿನ ಜಾಗ ಸುತ್ತಲಿಗಿಂತ ಸುಮಾರು 600 ಡಿಗ್ರಿ ಬಿಸಿ! ಇದು ಚುಕ್ಕಿಯ ಅಗಲಕ್ಕೆ ತಕ್ಕಂತೆ ಏರುತ್ತದೆ. 0.2 ಮಿ.ಮೀ. ಚುಕ್ಕಿಯಾದರೆ 1200-1300 ಡಿಗ್ರಿ. ಫ್ಯೂಸ್ಡ್ ಸಿಲಿಕಾ ಮೆತ್ತಗಾಗುವುದು 1600 ಡಿಗ್ರಿಯ ಆಸುಪಾಸಿನಲ್ಲಿ. ಕೋಟಿಂಗ್ ಪದರಗಳು ಅಷ್ಟು ತನಕ ಕಾಯುವುದಿಲ್ಲ, ಒಂದೊಂದು ಪದರ ಒಂದೊಂದು ರೀತಿ ಹಿಗ್ಗಿ ಮೊದಲೇ ಏಳುತ್ತವೆ. ಚುಕ್ಕಿ ಸುತ್ತಲಿನ ಜಿಡ್ಡನ್ನೂ ಬೇಯಿಸಿ ಕಪ್ಪು ಮಾಡುತ್ತದೆ. ಚುಕ್ಕಿ ಬೆಳೆಯುತ್ತದೆ, ಬಿಸಿ ಇನ್ನೂ ಏರುತ್ತದೆ. ಒಮ್ಮೆ ಈ ಚಕ್ರ ಶುರುವಾದರೆ ಡಬ್ಬಿ ಮೇಲೆ 15 ಅಂತ ಇದ್ದರೇನು, 50 ಅಂತ ಇದ್ದರೇನು.

ಗಾಳಿಯೋ ಗ್ಲಾಸೋ

ಇಲ್ಲಿಯ ತನಕದ್ದು ಅನುಮಾನ. ಪರೀಕ್ಷೆ ಮಾಡದೆ ಯಾರ ಮೇಲೂ ಹೊರಿಸಬಾರದು. ನಾನು ಕೇಳಿದ್ದು, ಮಳೆಗಾಲ ಬಿಟ್ಟರೆ ಆ ಹೊತ್ತಿನಲ್ಲಿ ಬೇರೆ ಏನು ಬದಲಾಯಿತು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾಲೀಕರು ಹೇಳಿದರು: ಆಕ್ಸಿಜನ್, ನೈಟ್ರೋಜನ್ ಖರ್ಚು ಜಾಸ್ತಿ ಆಗಿ, ತೆಳು ಶೀಟೆಲ್ಲ ಕಂಪ್ರೆಸರ್ ಗಾಳಿಯಲ್ಲೇ ಕಟ್ ಮಾಡಲು ಶುರು ಮಾಡಿದ್ದು ಅದೇ ಸುಮಾರಿಗೆ. ಅದರಲ್ಲಿ ತಪ್ಪೇನೂ ಇಲ್ಲ. ಈಗ ಎಷ್ಟೋ ಶಾಪ್‌ಗಳು ಗಾಳಿಯಲ್ಲೇ ಕಟ್ ಮಾಡುತ್ತವೆ.

ದುಬಾರಿಯದ್ದು, ಅಗ್ಗದ್ದು, ಎರಡು ಬಗೆಯ ಹೊಸ ಗ್ಲಾಸ್ ತೆಗೆದುಕೊಂಡೆವು. ಮೊದಲು ಸಿಲಿಂಡರ್ ಆಕ್ಸಿಜನ್‌ನಲ್ಲಿ ಮಾಮೂಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ಕೆಲಸ. ಎರಡೂ ಗ್ಲಾಸ್ ಶುಭ್ರವಾಗಿ ಹೊರಬಂದವು. ಆಮೇಲೆ ಗಾಳಿಯಲ್ಲಿ. ಎರಡಕ್ಕೂ ಮಸುಕು ಹಿಡಿಯಿತು, ಫೋಕಸ್ ಸರಿಯಿತು.

ಆದರೆ ಮಗ ಸರಿಯಾದ ತಕರಾರು ತೆಗೆದ. ಆಕ್ಸಿಜನ್ ಕಟಿಂಗ್‌ಗೆ ಒತ್ತಡ ಒಂದು ಬಾರ್ ಸುತ್ತಮುತ್ತ, ಗಾಳಿಗೆ ಹನ್ನೆರಡು ಬಾರ್. ವ್ಯತ್ಯಾಸ ಜಿಡ್ಡಿನದ್ದೋ ಒತ್ತಡದ್ದೋ? ಅವನ ಮಾತು ಒಪ್ಪಬೇಕಾದ್ದೇ. ಅದಕ್ಕೆ ಗಾಳಿಯಷ್ಟೇ ಒತ್ತಡದಲ್ಲಿ ಸಿಲಿಂಡರ್ ನೈಟ್ರೋಜನ್ ಹಾಕಿ, ಗಾಳಿಯಲ್ಲಿ ಮಾಡಿದ್ದೇ ಕೆಲಸವನ್ನು ಮಾಡಿಸಿದೆವು. ಮಾಲೀಕರ ಮುಖ ಸಣ್ಣದಾಯಿತು. ಆ ಒತ್ತಡದಲ್ಲಿ 7 ಘನ ಮೀಟರ್‌ನ ಒಂದು ಸಿಲಿಂಡರ್ ಅರ್ಧ ಗಂಟೆಯೂ ಬರುವುದಿಲ್ಲ. ಆದರೂ ಸಾಲಾಗಿ ಸಿಲಿಂಡರ್ ಕಟ್ಟಿ ಊಟದ ಹೊತ್ತಿನ ತನಕ ಓಡಿಸಿದರು. ಅಗ್ಗದ ಗ್ಲಾಸ್‌ನಲ್ಲೂ ಮಸುಕಿಲ್ಲ, ಫೋಕಸ್ ಮೈನಸ್ 1ರಲ್ಲೇ ನಿಂತಿತ್ತು. ಒತ್ತಡದ ಪಾತ್ರ ಇಲ್ಲ ಅಂತ ತೀರ್ಮಾನಕ್ಕೆ ಬರಲು ಅಷ್ಟು ಸಾಕಾಯಿತು.

ಅದೇ ಮಧ್ಯಾಹ್ನ ನಾಝಲ್ ಬಿಚ್ಚಿ, ಲೇಸರ್ ಪೂರ್ತಿ ಆಫ್ ಮಾಡಿ, ಕಂಪ್ರೆಸರ್ ಗಾಳಿಯನ್ನು ಒಂದು ಬಿಳಿ ಹಾಳೆಗೆ, ಆಮೇಲೆ ತೊಳೆದ ಗಾಜಿನ ತುಂಡಿಗೆ ಊದಿಸಿದೆವು. ಹಾಳೆ ಮೇಲೆ ಮೊದಲು ನೀರಿನ ಸಣ್ಣ ಹನಿ, ಅದು ಆರಿದ ಮೇಲೆ ಉಳಿದ ಹಳದಿ ಜಿಡ್ಡು. ಖರ್ಚಿಲ್ಲದ ಈ ಪರೀಕ್ಷೆಯನ್ನು ಗಾಳಿ ಕಟಿಂಗ್ ಮಾಡುವ ಪ್ರತಿ ಶಾಪ್ ವಾರಕ್ಕೊಮ್ಮೆ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಂಪ್ರೆಸರ್ ಇದ್ದದ್ದು ಶೆಡ್ಡಿನ ಹಿಂದೆ ತಗಡಿನ ಗೂಡಿನಲ್ಲಿ. ಒಳಗೆ ನಿಲ್ಲಲಾಗದಷ್ಟು ಸೆಕೆ. ಗೋಡೆಯಾಚೆ ಒಂದು ಗಿರಣಿ, ಅದರ ಬಾಯ್ಲರ್‌ಗೆ ಭತ್ತದ ಹೊಟ್ಟೇ ಉರುವಲು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇರುವವರಿಗೆ ಈ ಬೂದಿ ಚೆನ್ನಾಗಿ ಗೊತ್ತು, ಒಣಗಲು ಹಾಕಿದ ಬಟ್ಟೆ ಮೇಲೆ ಕೂರುತ್ತದಲ್ಲ, ಅದೇ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಉಳಿದದ್ದರಲ್ಲಿ ಸುಡದೆ ಉಳಿದ ಇಂಗಾಲ ಮುಖ್ಯ. ಕಪ್ಪು ಬಣ್ಣ ಆ ಇಂಗಾಲದ್ದು. ಕಂಪ್ರೆಸರ್‌ನ ಏರ್ ಫಿಲ್ಟರ್ ಆ ಬೂದಿಯಿಂದ ಕಟ್ಟಿಕೊಂಡಿತ್ತು. ಉಸಿರು ಕಟ್ಟಿದ ಕಂಪ್ರೆಸರ್ ಇನ್ನೂ ಬಿಸಿಯಾಗುತ್ತಿತ್ತು. ಗಾಳಿಯ ತೇವ ತೆಗೆಯುವ ಡ್ರೈಯರ್‌ನ ಆಟೋ ಡ್ರೈನ್ ಜಾಮ್ ಆಗಿ ನೀರು ಹೊರಗೆ ಹೋಗದೆ ಲೈನಿಗೇ ಸೇರುತ್ತಿತ್ತು. ಫಿಲ್ಟರ್ ಎಲಿಮೆಂಟ್‌ಗಳು ಕಂಪ್ರೆಸರ್ ಬಂದಾಗ ಹಾಕಿದ್ದವೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ತಪ್ಪು ತಿಳಿಯುತ್ತಾರೆ. ಮಾಮೂಲಿ ಲೈನ್ ಫಿಲ್ಟರ್ ಹಿಡಿಯುವುದು ಎಣ್ಣೆಯ ಹನಿಗಳನ್ನು. ಗಾಳಿ ಬಿಸಿ ಇದ್ದಾಗ ಎಣ್ಣೆ ಆವಿಯಾಗಿರುತ್ತದೆ, ಆವಿ ಅದರಲ್ಲಿ ಸಲೀಸಾಗಿ ದಾಟಿ ಹೋಗಿ ಹೆಡ್‌ನಲ್ಲಿ ತಣ್ಣಗಾಗಿ ಗ್ಲಾಸ್ ಮೇಲೆ ಕೂರುತ್ತದೆ. ಆವಿಯನ್ನು ಹಿಡಿಯಲು ಆ್ಯಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ರೇ ಬೇಕು. ಇವರ ಲೈನಿನಲ್ಲಿ ಅದು ಇರಲೇ ಇಲ್ಲ.

ಅಗ್ಗದ ಗ್ಲಾಸ್‌ನ ಇನ್ನೊಂದು ಮುಖ

ಡಬ್ಬಿಯಲ್ಲಿ ಇನ್ನೂ ಕೆಲವು ಗ್ಲಾಸ್ ಉಳಿದಿದ್ದವು, ಅವುಗಳ ಕಲೆ ಮೇಲ್ಮುಖದಲ್ಲಿತ್ತು. ಅಲ್ಲಿಗೆ ಗ್ಯಾಸ್ ಹೋಗುವುದಿಲ್ಲ. ಅಂದರೆ ಇದು ಗ್ಲಾಸ್ ಬದಲಿಸುವಾಗ ಕೂತ ಕೊಳೆ. ಹುಡುಗ ಬದಲಿಸುವುದನ್ನು ನೋಡಿದೆ. ಮೆಷಿನ್ ಪಕ್ಕದಲ್ಲೇ, ಪೆಡೆಸ್ಟಲ್ ಫ್ಯಾನ್ ಎದುರಿಗೆ, ಗ್ಲಾಸ್ ಕೂರುವ ಡ್ರಾಯರನ್ನು ಹೆಡ್‌ನಿಂದ ಎಳೆದು, ಬರಿಗೈಯಲ್ಲಿ ಗ್ಲಾಸ್ ಹಿಡಿದು, ಬಾಯಿಂದ ಉಫ್ ಅಂತ ಊದಿ, ಬನಿಯನ್ ಬಟ್ಟೆಯಲ್ಲಿ ಒರೆಸಿ ಹಾಕಿದ. ಅಷ್ಟು ಹೊತ್ತೂ ಹೆಡ್‌ನ ಸಂದು ತೆರೆದೇ ಇತ್ತು. ಫೋಕಸ್ ಲೆನ್ಸ್ ಹೇಗೆ ಹೋಯಿತು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ ಅನಿಸಿತು. ಬೈಯುವಂಥದ್ದೇನೂ ಅಲ್ಲ, ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಇನ್ನು ಗ್ಲಾಸ್‌ನ ಗುಣಮಟ್ಟ. ಗ್ಲಾಸ್ ಪೂರ್ತಿ ನಿರಪರಾಧಿ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಹೊಸ ಗ್ಲಾಸನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದರೆ ಟ್ಯೂಬಿನ ಎರಡು ಪ್ರತಿಬಿಂಬ ಕಾಣುತ್ತವೆ, ಮೇಲ್ಮುಖದ್ದು ಒಂದು, ಕೆಳಮುಖದ್ದು ಒಂದು. ಎರಡೂ ಬಣ್ಣ ತಿರುಗಿ ಮಂಕಾಗಿರಬೇಕು. ಮೂರು ಕಡೆಯಿಂದ ತಂದದ್ದರಲ್ಲಿ ತೀರ ಅಗ್ಗದ ಒಂದು ಲಾಟಿನಲ್ಲಿ ಒಂದು ಪ್ರತಿಬಿಂಬ ನೇರಳೆ, ಇನ್ನೊಂದು ಬೆಳ್ಳಗೆ ಫಳಫಳ. ಒಂದು ಮುಖಕ್ಕೆ ಕೋಟಿಂಗೇ ಇರಲಿಲ್ಲ! ಹೆಡ್‌ನೊಳಗೆ ನೂರು ವ್ಯಾಟ್ ಹಿಂದಕ್ಕೆ ಹೊಡೆಯುತ್ತಿದ್ದದ್ದು ಇಂಥವು ಹಾಕಿದ ದಿನಗಳಲ್ಲಿ. ಆ ಲಾಟನ್ನು ವಾಪಸ್ ಕಳಿಸಿದರು.

ಕೆಲವರು ಸಿಲಿಕಾ ಅಂತ ಹೇಳಿ ಮಾಮೂಲಿ ಆಪ್ಟಿಕಲ್ ಗ್ಲಾಸ್ ಕೊಡುವುದೂ ಉಂಟು. ಅದು ಬಿಸಿಗೆ ಸಿಲಿಕಾಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಆದ್ದರಿಂದ ಅಂಚಿನಿಂದ ಸೀಳುತ್ತದೆ. ಇವರ ಡಬ್ಬಿಯಲ್ಲಿ ಅಂಥದ್ದು ಸಿಗಲಿಲ್ಲ.

ಮಾಲೀಕರು ಮತ್ತೆ ಕೇಳಿದರು, ಹಾಗಾದರೆ ಯಾವ ಗ್ಲಾಸ್ ತರಲಿ ಅಂತ. ನಾನು ಹೇಳಿದ್ದು: ಜೂಲ್ ಲೆಕ್ಕ ಕೇಳಬೇಡಿ, 1080 ನ್ಯಾನೋಮೀಟರ್‌ನಲ್ಲಿ ಎಷ್ಟು ಹೀರುತ್ತದೆ ಅಂತ ಕೇಳಿ. ಉತ್ತರ ಹತ್ತು ಲಕ್ಷಕ್ಕೆ ಇಷ್ಟು ಅಂತ ಬರಬೇಕು. ಸಿಲಿಕಾ ಯಾವ ದರ್ಜೆಯದ್ದು, ಎರಡೂ ಮುಖಕ್ಕೆ ಕೋಟಿಂಗ್ ಇದೆಯಾ, ಎಷ್ಟು ಕಿಲೋವ್ಯಾಟ್‌ನ ನಿರಂತರ ಲೇಸರ್‌ಗೆ ಅಂತ ಬರೆದು ಕೊಡುತ್ತಾರಾ, ಇಷ್ಟು ಕೇಳಿ. ಕೋಟಿಂಗ್ ಹಾಕಿದ ಕ್ರಮವನ್ನೂ ಹೇಳಿದರೆ ಒಳ್ಳೆಯದು. ಸಾದಾ ಎಲೆಕ್ಟ್ರಾನ್ ಬೀಮ್‌ನಲ್ಲಿ ಹಾಕಿದ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಮಳೆಗಾಲದ ತೇವ ಕುಡಿಯುತ್ತದೆ. ಅಯಾನ್ ನೆರವಿನಿಂದ ಹಾಕಿದ್ದು ಗಟ್ಟಿ. ತಡೆಯಲಾಗದಷ್ಟು ಬೆಲೆಯ ಗ್ಲಾಸ್ ಬೇಡ. 3 ಕಿಲೋವ್ಯಾಟ್‌ಗೆ ಮಧ್ಯಮ ಬೆಲೆಯದ್ದು ಶುಭ್ರವಾಗಿದ್ದರೆ ಸಾಕು.

ಆಮೇಲೆ

ಕಂಪ್ರೆಸರ್ ಗೂಡಿನ ಗಿರಣಿ ಕಡೆಯ ಕಿಂಡಿ ಮುಚ್ಚಿ, ರಸ್ತೆ ಕಡೆಗೆ ಕಿಂಡಿ ತೆಗೆಸಿದರು. ಏರ್ ಫಿಲ್ಟರ್, ಆಯಿಲ್ ಸೆಪರೇಟರ್, ಲೈನ್ ಎಲಿಮೆಂಟ್ ಎಲ್ಲ ಹೊಸದು. ಆಟೋ ಡ್ರೈನ್ ರಿಪೇರಿ. ಡ್ರೈಯರ್ ಆದ ಮೇಲೆ ಕಾರ್ಬನ್ ಫಿಲ್ಟರ್ ಕೂತಿತು. ಹಳೆಯ ಪೈಪಿನೊಳಗೆ ಎಣ್ಣೆ ಬಳಿದುಕೊಂಡಿದ್ದರಿಂದ ಹೆಡ್‌ಗೆ ಹೋಗುವ ಕೊನೆಯ ಹೋಸನ್ನು ಬದಲಿಸಲೇಬೇಕಾಯಿತು. ಇದನ್ನು ಮೊದಲು ಬೇಡ ಅಂದಿದ್ದ ಮಾಲೀಕರು, ಹೊಸ ಫಿಲ್ಟರ್ ಹಾಕಿದ ಮೇಲೂ ಹಾಳೆ ಮೇಲೆ ಕಲೆ ಬಂದಾಗ ಒಪ್ಪಿದರು.

ಗ್ಲಾಸ್ ಬದಲಿಸುವುದು ಈಗ ಆಫೀಸ್ ರೂಮಿನಲ್ಲಿ, ಫ್ಯಾನ್ ಆಫ್ ಮಾಡಿ. ಡ್ರಾಯರ್ ಹೊರಗೆ ಬಂದ ಕೂಡಲೇ ಹೆಡ್‌ನ ಸಂದಿಗೆ ಟೇಪ್. ಕೈಗೆ ಪೌಡರ್ ಇಲ್ಲದ ಗ್ಲೌಸ್. ಟಿಶ್ಯೂಗೆ ಐಪಿಎ ಹಾಕಿ ಒಂದೇ ದಿಕ್ಕಿಗೆ ಒಂದು ಸಲ ಎಳೆಯುವುದು, ಆ ಟಿಶ್ಯೂ ಅಲ್ಲಿಗೇ ಮುಗಿಯಿತು. ಹುಡುಗ ಇದನ್ನೆಲ್ಲ ಎರಡು ದಿನದಲ್ಲಿ ಕಲಿತ. ಚೀಟಿ ಬರೆಯುವುದನ್ನು ಬಿಡಬೇಡ ಅಂತ ಹೇಳಿದ್ದೇನೆ. ಫೋಕಸ್ ಅರ್ಧ ಮಿ.ಮೀ. ಸರಿದರೆ ಬರ್ ಬರುವ ತನಕ ಕಾಯದೆ ಗ್ಲಾಸ್ ತೆಗೆದು ನೋಡುವುದು ಅವನ ನಿಯಮ. ಬೇಯುವ ಮುಂಚೆ ತೆಗೆದರೆ ಬಹಳಷ್ಟು ಸಲ ಒರೆಸಿ ಮತ್ತೆ ಹಾಕಬಹುದು.

ಗ್ಲಾಸ್‌ಗಳು ಮತ್ತೆ ವಾರಗಟ್ಟಲೆ ಬರುತ್ತಿವೆ. ಈಗ ಸಾಯುವವು ಹೆಚ್ಚಾಗಿ ಪಿಯರ್ಸಿಂಗ್ ಕಿಡಿಗೆ. ಅದಕ್ಕೆ ದಪ್ಪ ಶೀಟಿಗೆ ನಾಝಲ್ ಎತ್ತರ ಹೆಚ್ಚಿಸಿ ಹಂತಹಂತವಾಗಿ ತೂತು ಹೊಡೆಯುವ ಸೆಟ್ಟಿಂಗ್ ಹಾಕಿದ್ದೇವೆ. ಫೋಕಸ್ ಲೆನ್ಸ್ ಹೊಸದು ಹಾಕಿಸಿದರು. ಹಳೆಯದಕ್ಕೆ ಮತ್ತೆ ಕೋಟಿಂಗ್ ಹಾಕಿಸಬಹುದಾ ಅಂತ ಕೇಳಿದ್ದರು. ಸುಟ್ಟ ಪದರ ತೆಗೆದು, ಪಾಲಿಶ್ ಮಾಡಿ, ಮತ್ತೆ ಹಾಕಿಸುವ ಖರ್ಚು ಒಂದೇ ಲೆನ್ಸಿಗೆ ಗಿಟ್ಟುವುದಿಲ್ಲ ಅಂದೆ.

ಬಗೆಹರಿಯದೆ ಉಳಿದಿರುವುದು ಹಿತ್ತಾಳೆ. ಪೂಜಾ ಸಾಮಾನು ಮಾಡುವವರೊಬ್ಬರ ಆರ್ಡರ್ ಬಂದಿದೆ, ಹಿತ್ತಾಳೆ ಶೀಟ್ ಕಟ್ ಮಾಡಿಕೊಡಿ ಅಂತ. ಹಿತ್ತಾಳೆ ಈ ಬೆಳಕನ್ನು ಜೋರಾಗಿ ವಾಪಸ್ ಹೊಡೆಯುತ್ತದೆ, ಆಗ ಹೆಡ್‌ನ ಎಲ್ಲ ಗ್ಲಾಸ್‌ಗಳಿಗೂ ಕೆಳಗಿನಿಂದ ಏಟು. ಲೇಸರ್ ಸೋರ್ಸ್‌ಗೆ ಹಿಂಬೆಳಕಿನ ರಕ್ಷಣೆ ಎಷ್ಟರ ಮಟ್ಟಿಗೆ ಇದೆ ಅಂತ ಮೆಷಿನ್ ಕೊಟ್ಟವರಿಂದ ಬರೆಸಿಕೊಳ್ಳುವ ತನಕ ಆರ್ಡರ್ ಹಿಡಿಯಬೇಡಿ ಅಂತ ಹೇಳಿ ಬಂದಿದ್ದೇನೆ. ಮಾಲೀಕರು ಹೂಂ ಅಂದಿದ್ದಾರೆ, ಆದರೆ ಹಬ್ಬ ಹತ್ತಿರ ಇದೆ.